ಶರಣವಾಙ್ಮಯಕ್ಕೆ ನೆರಳಿತ್ತ ಪ್ರೌಢದೇವರಾಯ

ಕಲ್ಯಾಣದ ಶರಣಸಮೂಹವು ಚದುರಿದುದು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ. ಶರಣರು ದಿಕ್ಕುದಿಕ್ಕಿಗೆ ತೆರಳಿದರು. ಅವರ ವಚನಗಳು ತಾಳೆಯೋಲೆಗಳಲ್ಲಿಯೂ ಭಕ್ತರ ನಾಲಗೆಯಲ್ಲಿಯೂ ಅಲ್ಲಲ್ಲಿ ಉಳಿದುವು. ಓಲೆಗೆ ಗೆದ್ದಲಿನ ಭಯ, ನಾಲಗೆಗೆ ಮರವೆಯ ಭಯ. ಇಂದು ನಾವು ಪೂಜಾನಂತರದಲ್ಲಿ ಪಠಿಸುವ ವಚನಗಳು ಈ ಎರಡು ಭಯಗಳನ್ನೂ ದಾಟಿ ನಮ್ಮ ಕೈಸೇರಿದುದು ಹೇಗೆಂಬುದನ್ನು ಭಕ್ತರಾದವರು ತಿಳಿಯಬೇಕು. ಆ ಕಥೆಯಲ್ಲಿ ಒಬ್ಬ ಅರಸನ ಹೆಸರು ಮುಖ್ಯವಾಗಿ ಬರುತ್ತದೆ. ಆತನೇ ವಿಜಯನಗರದ ಸಂಗಮವಂಶದ ಇಮ್ಮಡಿ ದೇವರಾಯ, ಲೋಕಪ್ರಸಿದ್ಧನಾದ ಪ್ರೌಢದೇವರಾಯ.

ಒಂದನೆಯ ದೇವರಾಯನ ಮೊಮ್ಮಗನೂ ವಿಜಯರಾಯನ ಮಗನೂ ಆದ ಈತನು ಕ್ರಿ. ಶ. ೧೪೨೪ರಲ್ಲಿ ಸಿಂಹಾಸನವನ್ನೇರಿ ೧೪೪೬ರ ವರೆಗೆ ಆಳಿದನು. ಗಜಬೇಂಟೆಕಾರನೆಂಬ ಬಿರುದು ಈತನಿಗಿದ್ದಿತು. ಸಂಗಮವಂಶದ ಅರಸರೆಲ್ಲರಂತೆ ಈತನೂ ಪಂಪಾಕ್ಷೇತ್ರದ ವಿರೂಪಾಕ್ಷನ ಭಕ್ತನು. ಉತ್ತರದಲ್ಲಿ ಬಹಮನಿ ಸುಲ್ತಾನರೊಡನೆ ತಲೆಮಾರುಗಳಿಂದ ನಡೆದುಬಂದ ವೈರವು ಪಿತ್ರಾರ್ಜಿತವಾಗಿಯೇ ಈತನ ಪಾಲಿಗೆ ಬಂದಿತು.

ಪಟ್ಟಕ್ಕೆ ಬಂದು ಎರಡು ವರ್ಷಗಳಾಗುವಷ್ಟರಲ್ಲಿ, ಎಂದರೆ ೧೪೨೬ರಲ್ಲಿ, ಈ ಶಿವಭಕ್ತನು ತನ್ನ ರಾಜಧಾನಿಯ ಪಾನಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥ ತೀರ್ಥಂಕರನಿಗೆ ಶಿಲಾಮಯವಾದ ಚೈತ್ಯಾಲಯವನ್ನು ಕಟ್ಟಿಸಿದನು. ಅದರ ಶಾಸನವು ಹಂಪೆಯಲ್ಲಿ ದೊರೆತಿದೆ. ಬಹಮನಿ ಸೇನೆಯ ಬಲವು ಅದರ ಕುದುರೆಗಳಲ್ಲಿಯೂ ಬಿಲ್ಲಾಳುಗಳಲ್ಲಿಯೂ ಇದೆಯೆಂಬುದನ್ನು ಮನಗಂಡು, ಮುಸಲ್ಮಾನ ಯೋಧರನ್ನು ತನ್ನ ಸೇನೆಗೆ ಬರಮಾಡಿಕೊಂಡು, ತನ್ನವರಿಗೆ ಅವರಿಂದ ಧನುರ್ವಿದ್ಯೆಯನ್ನು ಕಲಿಸಿದನು. ಅವರು ತಮ್ಮ ಧರ್ಮಕ್ಕೆ ಭಂಗವಿಲ್ಲದೆ ಅರಸನಿಗೆ ವಂದಿಸುವಂತಾಗಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂದು ಇತಿಹಾಸಕಾರನಾದ ಫೆರಿಸ್ತನು ಬರೆದಿದ್ದಾನೆ. ಈತನ ಸೇವೆಯಲ್ಲಿದ್ದ ಅಹಮದ್ ಖಾನನು ೧೪೩೯ರಲ್ಲಿ ವಿಜಯನಗರದಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಅದನ್ನು ಶಾಸನದಲ್ಲಿ ಧರ್ಮಸಾಲೆಯೆಂದು ಕರೆದು, ಅದರ ಪುಣ್ಯವನ್ನು ದೇವರಾಯನಿಗೆ ಅರ್ಪಿಸಿದನು. ಆಳಿನ ಧರ್ಮವನ್ನು ಅರಸನು ಗೌರವಿಸಿದನು. ಅರಸನ ಶ್ರೇಯಸ್ಸನ್ನು ಆಳು ತನ್ನ ದೇವರಲ್ಲಿ ಬೇಡಿದನು.

ಇಂತಹ ನೆರಳಿನಲ್ಲಿಯೇ ವೀರಶೈವ ವಾಙ್ಮಯವೂ ಮರಳಿ ಚಿಗುರಿತು. ಲಕ್ಕಣ್ಣ ದಂಡೇಶನು ಈ ರಾಯನ ಪ್ರಧಾನ ದಂಡನಾಯಕ. ದಕ್ಷಿಣಸಮುದ್ರಾಧೀಶ್ವರನೆನಿಸಿ ಕಡಲಾಚೆಯವರೆಗೂ ಹೆಸರಾದವನು. ಒಂದು ಕೈಯಲ್ಲಿ ಕತ್ತಿಯನ್ನು ಹಿಡಿದ ಈತನು ಮತ್ತೊಂದು ಕೈಯಲ್ಲಿ ಲೆಕ್ಕಣಿಕೆಯನ್ನು ಹಿಡಿದು, ಶರಣರ ಚರಿತೆಯನ್ನೂ ತತ್ತ್ವಾಚಾರಗಳನ್ನೂ ಶಿವತತ್ತ್ವಚಿಂತಾಮಣಿಯಲ್ಲಿ ಒಟ್ಟುಗೂಡಿಸಿದನು. ಮತ್ತೊಬ್ಬ ಅಧಿಕಾರಿ ಜಕ್ಕಣಾರ್ಯನು ಕಲ್ಯಾಣದ ಮಹಾಲಿಂಗದೇವನ ಶಿಷ್ಯನು. ಈ ಗುರುಶಿಷ್ಯರು ಮಾಡಿದ ಕಾರ್ಯದ ಬೆಲೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಬಿಡಿಬಿಡಿಯಾಗಿದ್ದ ವಚನಗಳನ್ನು ಆಯ್ದು, ಭಕ್ತಸ್ಥಲದಿಂದ ಐಕ್ಯಸ್ಥಲದ ವರೆಗಿನ ಷಟ್‌ಸ್ಥಲಗಳನ್ನು ನೂರೊಂದಾಗಿ ವಿಸ್ತರಿಸಿ, ಯಾವ ವಚನವು ಸಾಧಕನ ಯಾವ ಮೆಟ್ಟಿಲಿಗೆ ಸಲ್ಲತಕ್ಕದ್ದೋ ಅಲ್ಲಿ ಅದನ್ನು ಜೋಡಿಸಿದರು. ಚದುರಿದ್ದ ಮುತ್ತುಗಳಿಗೆ ದಾರ ದೊರೆತಂತಾಯಿತು. ಚಾಮರಸನು ಭಾಮಿನೀ ಷಟ್ಪದಿಯಲ್ಲಿ ಅಲ್ಲಮಪ್ರಭುವಿನ ಚರಿತವನ್ನು ಹಾಡಿದ ಪ್ರಭುಲಿಂಗಲೀಲೆಯೂ ಈ ಕಾಲದ ಫಲವೇ. ಅದು ತರುವಾಯ ತೆಲುಗು ತಮಿಳುಗಳಿಗೂ ಸಂದಿತು. ಈ ಕಾಲದಲ್ಲಿದ್ದ ವಿರಕ್ತರನ್ನು ಸಂಪ್ರದಾಯವು ನೂರೊಂದು ವಿರಕ್ತರೆಂದು ಇಂದಿಗೂ ಸ್ಮರಿಸುತ್ತದೆ. ಜಕ್ಕಣಾರ್ಯನು ರಾಯನಿಗೆ ಶಿವಶರಣರ ಕಥೆಗಳನ್ನು ಹೇಳಿದ ಬಗೆಯನ್ನೇ ವಸ್ತುವಾಗಿಸಿಕೊಂಡು ಅದೃಶ್ಯಕವಿಯು ಮುಂದೆ ಒಂದು ಕಾವ್ಯವನ್ನು ರಚಿಸಿದನು.

ಹೀಗೆಂದು ರಾಯನ ಬಾಳು ಸುಖಮಯವಾಗಿತ್ತೆಂದು ಭಾವಿಸಬಾರದು. ೧೪೪೩ರಲ್ಲಿ ಹೆರಾತಿನ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಏಳು ಸುತ್ತಿನ ಕೋಟೆಯನ್ನೂ, ಸಾವಿರಕ್ಕೆ ಮಿಕ್ಕ ಆನೆಗಳನ್ನೂ, ಮಹಾನವಮಿಯ ವೈಭವವನ್ನೂ ಕಂಡು ಬೆರಗಾದನು. ಆತನೇ ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಾನೆ. ಆತನು ಬರುವುದಕ್ಕೆ ಕೆಲವೇ ತಿಂಗಳ ಹಿಂದೆ ರಾಯನ ಸ್ವಂತ ಸೋದರನು ಹೊಸಮನೆಯ ಔತಣದ ನೆಪದಲ್ಲಿ ಸಾಮಂತರನ್ನು ಕರೆಸಿ, ವಾದ್ಯಘೋಷದ ಮರೆಯಲ್ಲಿ ಒಬ್ಬೊಬ್ಬರನ್ನಾಗಿ ಕೊಲ್ಲಿಸಿ, ಕಡೆಗೆ ಅಣ್ಣನ ಮೇಲೆಯೇ ಕಠಾರಿಯೆತ್ತಿದನು. ರಾಯನು ಗಾಯಗೊಂಡು ಬದುಕಿದನು. ಈ ದೌರ್ಬಲ್ಯವನ್ನರಿತ ಬಹಮನಿ ಸುಲ್ತಾನ ಅಲ್ಲಾವುದ್ದೀನನು ಏಳು ಲಕ್ಷ ವರಹಗಳನ್ನು ಬೇಡಿದನು. ಯುದ್ಧವು ಅನಿವಾರ್ಯವಾಯಿತು, ಫೆರಿಸ್ತನ ಪ್ರಕಾರ ಆ ಯುದ್ಧದಲ್ಲಿ ರಾಯನ ಹಿರಿಯ ಮಗನು ಮಡಿದನು. ಸಾವಿರ ಆನೆಗಳ ಒಡೆಯನು ತಮ್ಮನ ಕೈಯಿಂದ ಇರಿತವನ್ನೂ ಶತ್ರುವಿನ ಕೈಯಿಂದ ಪುತ್ರಶೋಕವನ್ನೂ ಪಡೆದನು. ಸಂಸಾರದ ಸಿರಿಯು ಸ್ಥಿರವಲ್ಲವೆಂದು ಶರಣರು ಬೋಧಿಸಿದುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

೧೪೪೬ನೆಯ ಮೇ ತಿಂಗಳಿನಲ್ಲಿ ರಾಯನು ಶಿವಸಾಯುಜ್ಯವನ್ನು ಹೊಂದಿದನು. ಆ ಮರಣವಾರ್ತೆಯನ್ನು ಕಲ್ಲಿನಲ್ಲಿ ಕಡೆದಿರಿಸಿಕೊಂಡುದು ಜೈನರ ಪುಣ್ಯಕ್ಷೇತ್ರವಾದ ಶ್ರವಣಬೆಳಗೊಳ. ಇದು ಮನಸ್ಸಿನಲ್ಲಿಡತಕ್ಕ ಸಂಗತಿ. ಪ್ರೌಢದೇವರಾಯನು ನಮ್ಮವನೆಂದು ಹೇಳಿಕೊಳ್ಳುವುದರಲ್ಲಿ ನಮಗೆ ಹೆಮ್ಮೆಯುಂಟು. ಆದರೆ ಆತನು ನಮ್ಮವನು ಮಾತ್ರ ಆಗಿದ್ದಿದ್ದರೆ ಆ ಹೆಮ್ಮೆಗೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ. ಮರವು ತನ್ನಡಿಗೆ ಬಂದವನ ಕುಲವನ್ನು ಕೇಳಿ ನೆರಳನ್ನು ಕೊಡುವುದಿಲ್ಲ. ಬಸದಿಗೂ ಮಸೀದಿಗೂ ಎಡೆಯಿತ್ತ ನೆರಳೇ ವಚನದ ಓಲೆಗಳ ಮೇಲೂ ಬಿದ್ದಿತು.

೧೫೬೫ರಲ್ಲಿ ಆ ಮಹಾನಗರವು ಹಾಳಾಯಿತು. ಏಳು ಸುತ್ತಿನ ಕೋಟೆಯು ಕಾಪಾಡಲಾರದುದನ್ನು ಓಲೆಯ ಕಟ್ಟುಗಳು ಕಾಪಾಡಿಕೊಂಡುವು. ಮಠಗಳಲ್ಲಿಯೂ ಗೃಹಸ್ಥರ ಅಟ್ಟಗಳಲ್ಲಿಯೂ ಅವು ಉಳಿದಿದ್ದುದರಿಂದಲೇ ವಿಜಯಪುರದ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ತಂದು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸುವುದು ಸಾಧ್ಯವಾಯಿತು. ಅರಸನು ನೆರಳಿತ್ತನು, ವಿದ್ವಾಂಸರು ಜೋಡಿಸಿದರು, ಹೆಸರಿಲ್ಲದ ಎಷ್ಟೋ ಮಂದಿ ಗೃಹಸ್ಥರು ಕಾಯ್ದರು. ಈ ಮೂರರಲ್ಲಿ ಮೊದಲನೆಯದು ನಮ್ಮ ಕೈಗೆಟುಕದು. ಎರಡನೆಯದು ಕೆಲವರಿಗೆ ಮಾತ್ರ ಸಾಧ್ಯ. ಮೂರನೆಯದು ಪ್ರತಿಯೊಂದು ಮನೆಯ ಕರ್ತವ್ಯ. ಹಿರಿಯರ ಅಟ್ಟದಲ್ಲಿ ಇಂದಿಗೂ ಒಂದು ಹಳೆಯ ಕಟ್ಟು ಇದ್ದರೆ, ಅದರ ಧೂಳನ್ನು ಒರಸಿ, ಬಲ್ಲವರಿಗೆ ತೋರಿಸಿರಿ. ಆ ಸೇವೆಯೂ ಲಿಂಗಪೂಜೆಯೇ ಸರಿ.