ಮೊದಲು ಹಾಡಿದವಳ ಕೂಲಿ

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಜಾಗ ಇದೆ.

ಇವತ್ತಿನ ಯೌವನಸ್ಥರ ಕೂಟಕ್ಕೆ ನಾನು ತೆಗೆದುಕೊಂಡಿರುವ ಭಾಗ ಯಾಕೋಬನು ಬರೆದ ಪತ್ರಿಕೆ, ಐದನೇ ಅಧ್ಯಾಯದ ಮೊದಲ ಕೆಲವು ವಚನಗಳು. ಮನೆಗೆ ಹೋಗಿ ಪೂರ್ತಿ ಓದಿ. ಹೊಲ ಕೊಯ್ದವರಿಗೆ ಕೂಲಿ ಕೊಡದ ಸಾಹುಕಾರರ ಬಗ್ಗೆ ಯಾಕೋಬನು ಅಲ್ಲಿ ಮಾತಾಡುತ್ತಾನೆ. ಕೊಡದೆ ಉಳಿಸಿಕೊಂಡ ಆ ಹಣಕ್ಕೇ ಬಾಯಿ ಬರುತ್ತೆ, ಅದರ ಕೂಗು ದೇವರ ಸನ್ನಿಧಿಗೆ ಮುಟ್ಟುತ್ತೆ ಅನ್ನೋದು ಅವನ ಮಾತಿನ ಸಾರಾಂಶ.

ಇದನ್ನ ಓದಿದಾಗ ನಮಗೆ ಹೊಲ, ಕುಡುಗೋಲು, ಕೂಲಿಯಾಳು ಕಣ್ಣ ಮುಂದೆ ಬರುತ್ತೆ. ಆಫೀಸಿನಲ್ಲಿ ಕೆಲಸ ಮಾಡುವವರಿಗೆ, ಕಾಲೇಜಿಗೆ ಹೋಗುವವರಿಗೆ ಇದು ನಮ್ಮ ವಿಷಯ ಅಲ್ಲ ಅನ್ನಿಸಬಹುದು. ಅದಕ್ಕೇ ನಾನಿವತ್ತು ಒಂದು ಹಾಡಿನ ಕಥೆ ಹೇಳ್ತೀನಿ. ಆ ಹಾಡನ್ನ ಮೊದಲು ಹಾಡಿದವಳ ಜೀವನ ಹೇಳ್ತೀನಿ.

ಹಾಡಿನ ಹೆಸರು ಹೌಂಡ್ ಡಾಗ್. ರಾಕ್ ಅಂಡ್ ರೋಲ್ ಅಂದ ತಕ್ಷಣ ನೆನಪಿಗೆ ಬರುವ ನಾಲ್ಕೈದು ಹಾಡುಗಳಲ್ಲಿ ಅದೂ ಒಂದು. ಯಾರ ಹಾಡು ಅಂತ ಕೇಳಿದರೆ ಎಲ್ಲರೂ ಎಲ್ವಿಸ್ ಪ್ರೆಸ್ಲಿ ಅಂತಾರೆ. ಆದರೆ ಎಲ್ವಿಸ್ ಹಾಡಿದ್ದು ಕವರ್. ಕವರ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಇಲ್ಲಿ ಕೂತಿರೋ ಅರ್ಧ ಜನ ಫೋನ್‌ನಲ್ಲಿ ಕವರ್ ಹಾಡಿ ಹಾಕ್ತೀರಿ. ಎಲ್ವಿಸ್‌ಗಿಂತ ನಾಲ್ಕು ವರ್ಷ ಮೊದಲೇ ಅದನ್ನ ಹಾಡಿದ್ದು ವಿಲೀ ಮೇ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು. ಲೋಕ ಆಕೆಯನ್ನ ಬಿಗ್ ಮಾಮಾ ಥಾರ್ನ್‌ಟನ್ ಅಂತ ಕರೀತು.

ಆಕೆ ಹುಟ್ಟಿದ್ದು 1926ರ ಡಿಸೆಂಬರ್ 11ರಂದು, ಅಮೆರಿಕದ ಅಲಬಾಮಾ ರಾಜ್ಯದಲ್ಲಿ. ತಂದೆ ಬೋಧಕರು. ತಾಯಿ ಸಭೆಯಲ್ಲಿ ಹಾಡುತ್ತಿದ್ದವಳು. ಅಂದ್ರೆ ಆಕೆಯ ಮೊದಲ ಸಂಗೀತ ಶಾಲೆ ಸಭೆಯ ಬೆಂಚೇ. ಹದಿಹರೆಯದಲ್ಲೇ ತಾಯಿ ತೀರಿಕೊಂಡಳು. ಮನೆ ನಡೆಯಬೇಕಲ್ಲ, ಹುಡುಗಿ ಹೆಂಡದ ಅಂಗಡಿಯಲ್ಲಿ ಉಗುಳುಬಟ್ಟಲು ತೊಳೆಯುವ ಕೆಲಸಕ್ಕೆ ಸೇರಿದಳು. ಸ್ವಲ್ಪ ಕಾಲಕ್ಕೆ ಊರೂರು ತಿರುಗುವ ಒಂದು ತಂಡದ ಜೊತೆ ಹೊರಟುಬಿಟ್ಟಳು. ಡ್ರಮ್ಸ್ ಆಗಲಿ ಮೌತ್ ಆರ್ಗನ್ ಆಗಲಿ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೋಡಿ ಕಲಿತಳು, ಕೇಳಿ ಕಲಿತಳು.

1948ರ ಹೊತ್ತಿಗೆ ಟೆಕ್ಸಾಸ್‌ನ ಹ್ಯೂಸ್ಟನ್ ನಗರಕ್ಕೆ ಬಂದಳು. ಅಲ್ಲಿ ಪೀಕಾಕ್ ರೆಕಾರ್ಡ್ಸ್ ಅಂತ ಒಂದು ಕಂಪನಿ ಇತ್ತು. ಮಾಲೀಕ ಡಾನ್ ರೋಬಿ, ಅವನೂ ಕಪ್ಪು ಜನಾಂಗದವನೇ. ಬ್ಲೂಸ್ ಮಾರುತ್ತಿದ್ದ ಅದೇ ಕಂಪನಿ ಕ್ರೈಸ್ತ ಹಾಡುಗಳ ರೆಕಾರ್ಡುಗಳನ್ನೂ ಮಾರುತ್ತಿತ್ತು. ಇದನ್ನ ಮನಸ್ಸಿನಲ್ಲಿ ಇಟ್ಕೊಳ್ಳಿ.

1952ರ ಆಗಸ್ಟ್ 13. ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡಿಂಗ್. ಹಾಡು ಬರೆದವರು ಜೆರ್ರಿ ಲೀಬರ್, ಮೈಕ್ ಸ್ಟಾಲರ್ ಅನ್ನೋ ಇಬ್ಬರು ಬಿಳಿ ಯೆಹೂದಿ ಹುಡುಗರು. ವಯಸ್ಸು 19, ನಿಮ್ಮದೇ ವಯಸ್ಸು! ಬ್ಯಾಂಡ್ ಲೀಡರ್ ಜಾನಿ ಓಟಿಸ್. ಹಾಡಿನ ಅರ್ಥ ಏನಪ್ಪಾ ಅಂದ್ರೆ, ದುಡಿಯದೆ ಹೆಂಗಸಿನ ಮನೆ ಬಾಗಿಲಿಗೆ ಬಂದು ತಿಂದುಕೊಂಡು ಬಿದ್ದಿರುವ ಒಬ್ಬ ಗಂಡಸಿಗೆ ಆಕೆ ಬಾಗಿಲು ತೋರಿಸುತ್ತಾಳೆ. ನಾಯಿ ಅನ್ನೋದು ಅವನಿಗೇ. ವಿಲೀ ಮೇ ಅದನ್ನ ಗುಡುಗಿದ ಹಾಗೆ ಹಾಡಿದಳು. ಗಿಟಾರ್ ನುಡಿಯುತ್ತಿರುವಾಗ ನಡುನಡುವೆ ಕೂಗಿದಳು, ಗದರಿಸಿದಳು. ಕೊನೆಗೆ ಬ್ಯಾಂಡ್‌ನವರು ನಾಯಿಯ ಹಾಗೆ ಊಳಿಟ್ಟರು. ಕಾಗದದ ಮೇಲೆ ಇಲ್ಲದ ಎಷ್ಟೋ ಸಂಗತಿಯನ್ನ ಆಕೆಯ ಬಾಯಿ ಆ ಹಾಡಿಗೆ ಕೊಟ್ಟಿತು. ಬರೆದವರು ಹುಡುಗರು, ನಿಜ. ಜೀವ ಬಂದದ್ದು ಆಕೆಯಿಂದ.

1953ರಲ್ಲಿ ರೆಕಾರ್ಡ್ ಹೊರಗೆ ಬಂತು. ಕಪ್ಪು ಜನರ ಸಂಗೀತಕ್ಕೆ ಆಗ ಬೇರೆ ಪಟ್ಟಿ ಇತ್ತು, ರಿದಮ್ ಅಂಡ್ ಬ್ಲೂಸ್ ಅಂತ. ಅದರಲ್ಲಿ ಏಳು ವಾರ ಮೊದಲನೇ ಸ್ಥಾನ. ಐದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ. ಆಕೆಯ ಕೈಗೆ ಎಷ್ಟು ಬಂತು ಗೊತ್ತಾ? 500 ಡಾಲರಿನ ಒಂದು ಚೆಕ್. ಅದರ ಮೇಲೆ ಏನೂ ಬರಲಿಲ್ಲ ಅಂತ ಆಕೆ ಮುಂದೆ ಅನೇಕ ಸಾರಿ ಹೇಳಿಕೊಂಡಿದ್ದಾಳೆ.

ಈಗ ಕವರ್‌ಗಳ ಕಥೆ ಬರುತ್ತೆ. ಆಕೆಯ ಹಾಡು ಗೆದ್ದ ತಕ್ಷಣ ಕೆಲವು ಕಂಟ್ರಿ ಗಾಯಕರು ಅದನ್ನ ಹಾಡಿ ರೆಕಾರ್ಡ್ ಹಾಕಿದರು. ಮೆಂಫಿಸ್‌ನಲ್ಲಿ ಸನ್ ರೆಕಾರ್ಡ್ಸ್‌ನ ಸ್ಯಾಮ್ ಫಿಲಿಪ್ಸ್, ರೂಫಸ್ ಥಾಮಸ್ ಎಂಬ ಗಾಯಕನ ಕೈಲಿ ಅದೇ ರಾಗಕ್ಕೆ ಗಂಡಸಿನ ಕಡೆಯಿಂದ ಉತ್ತರ ಹಾಡಿಸಿದ. ಬೇರ್ ಕ್ಯಾಟ್ ಅಂತ ಹೆಸರು. ಅದೂ ಓಡಿತು. ಡಾನ್ ರೋಬಿ ಸುಮ್ಮನೆ ಬಿಡ್ತಾನಾ? ನನ್ನ ಹಾಡು ಕದ್ದರು ಅಂತ ಕೋರ್ಟಿಗೆ ಹೋದ, ಗೆದ್ದ. ಇಲ್ಲಿ ಸ್ವಲ್ಪ ನಿಲ್ಲಿ, ಪ್ರಿಯರೇ. ತನಗೆ ಬರಬೇಕಾದ ಹಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತಲು ಅವನಿಗೆ ಗೊತ್ತಿತ್ತು. ಹಾಡಿದವಳಿಗೆ ಬರಬೇಕಾದದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ನಮ್ಮ ಹಕ್ಕು ನಮಗೆ ಬಾಯಿಪಾಠ, ಬೇರೆಯವರ ಹಕ್ಕು ಮಾತ್ರ ಮರೆತುಹೋಗುತ್ತೆ. ಆಮೆನ್ ಹೇಳೋಕೆ ಕಷ್ಟ ಅಲ್ವಾ?

ಆಮೇಲೆ ಫ್ರೆಡ್ಡಿ ಬೆಲ್ ಅನ್ನೋ ಗಾಯಕ ಲಾಸ್ ವೇಗಸ್‌ನಲ್ಲಿ ತನ್ನ ತಂಡದ ಜೊತೆ ಇದೇ ಹಾಡನ್ನ ಹಾಸ್ಯದ ಹಾಡಾಗಿ ಮಾಡಿದ. ಮಾತುಗಳನ್ನ ಬದಲಾಯಿಸಿದ. ಹೆಂಗಸಿನ ಸಿಟ್ಟು ಹೊರಟುಹೋಯಿತು, ಉಳಿದದ್ದು ನಿಜವಾದ ನಾಯಿ. 1956ರ ವಸಂತದಲ್ಲಿ ಲಾಸ್ ವೇಗಸ್‌ಗೆ ಹೋಗಿದ್ದ ಎಲ್ವಿಸ್ ಇದನ್ನ ಕೇಳಿ ತಾನೂ ಹಾಡೋಕೆ ಶುರುಮಾಡಿದ. ಜುಲೈ 1ರ ಟಿವಿ ಕಾರ್ಯಕ್ರಮದಲ್ಲಿ ಅವನಿಗೆ ಕೋಟು ಹಾಕಿಸಿ, ಎದುರಿಗೆ ಒಂದು ನಾಯಿಯನ್ನ ಕೂರಿಸಿ, ಅದಕ್ಕೇ ಹಾಡು ಅಂದರು! ಮರುದಿನ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ 31 ಸಾರಿ ಹಾಡಿ ರೆಕಾರ್ಡಿಂಗ್ ಮುಗಿಸಿದ. ಆ ರೆಕಾರ್ಡ್ 11 ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು.

ನಾನು ಎರಡನ್ನೂ ಒಂದರ ಹಿಂದೆ ಒಂದು ಕೇಳಿದ್ದೀನಿ. ಎಲ್ವಿಸ್‌ನದು ವೇಗ, ಬೆಂಕಿ, ಕುಣಿತ. ವಿಲೀ ಮೇ ಹಾಡಿದ್ದು ನಿಧಾನ, ಭಾರ. ಬಾಗಿಲಲ್ಲಿ ಕೈಕಟ್ಟಿ ನಿಂತ ಹೆಂಗಸು ಕಾಣಿಸುತ್ತಾಳೆ. ಎರಡೂ ಒಳ್ಳೆಯದೇ. ಎಲ್ವಿಸ್‌ನ ಬಯ್ಯೋಕೆ ನಾನಿಲ್ಲಿ ನಿಂತಿಲ್ಲ. ಅವನು ನಮ್ಮ ಹಾಗೆ ಪೆಂಟೆಕೋಸ್ತ ಸಭೆಯಲ್ಲಿ ಬೆಳೆದ ಹುಡುಗ, ಟುಪೆಲೋ ಊರಿನ ಅಸೆಂಬ್ಲಿ ಆಫ್ ಗಾಡ್ ಸಭೆ. ಅವನಿಗೆ ಸಿಕ್ಕ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಕ್ರೈಸ್ತ ಹಾಡುಗಳಿಗೇ. ಇನ್ನೊಬ್ಬರ ಹಾಡು ಹಾಡೋದು ಪಾಪ ಅಲ್ಲ. ಪಾಪ ಅಂದಿದ್ದರೆ ಭಾನುವಾರ ನಮ್ಮ ವರ್ಷಿಪ್ ಟೀಮ್ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು.

ಹಾಗಾದ್ರೆ ತಪ್ಪಿರೋದು ಎಲ್ಲಿ? ಹಾಡು ಕೈಯಿಂದ ಕೈಗೆ ಹೋಯಿತು, ಪ್ರತಿ ಕೈಯಲ್ಲೂ ಹಣ ಬೆಳೆಯಿತು. ಮೊದಲ ಕೈಗೆ ಮಾತ್ರ ತಿರುಗಿ ಏನೂ ಬರಲಿಲ್ಲ. ಬರೆದವರ ಹೆಸರಿಗೆ ಕಾನೂನಿನಲ್ಲಿ ಹಕ್ಕು ಇತ್ತು. ಬೇರೆಯವರು ಕವರ್ ಮಾಡಿದಾಗ ಮೊದಲು ಹಾಡಿದವಳಿಗೆ ಕಾನೂನು ಏನೂ ಕೊಡುತ್ತಿರಲಿಲ್ಲ. ಕಾನೂನು ಕೇಳಲಿಲ್ಲ ಅಂತ ಯಾರೂ ಕೊಡಲೂ ಇಲ್ಲ.

ಇನ್ನೊಂದು ಸಂಗತಿ. ಆಕೆಯೇ ಬರೆದ ಬಾಲ್ ಅಂಡ್ ಚೈನ್ ಅನ್ನೋ ಹಾಡು ಇತ್ತು. 1960ರ ದಶಕದ ಆರಂಭದಲ್ಲಿ ಒಂದು ಸಣ್ಣ ಕಂಪನಿ ಅದನ್ನ ರೆಕಾರ್ಡ್ ಮಾಡಿಸಿಕೊಂಡು, ಮಾರುಕಟ್ಟೆಗೂ ಬಿಡದೆ, ಹಕ್ಕನ್ನೂ ಬಿಡದೆ ಇಟ್ಟುಕೊಂಡಿತು. ಆಮೇಲೆ ಜಾನಿಸ್ ಜಾಪ್ಲಿನ್ ಎಂಬ ಬಿಳಿ ಹುಡುಗಿ ಆ ಹಾಡು ಕೇಳಿ, ವಿಲೀ ಮೇ ಹತ್ತಿರ ಹೋಗಿ ಅನುಮತಿ ಕೇಳಿದಳು. ಆಕೆ ಆಗಲಿ ಅಂದಳು. 1967ರಲ್ಲಿ ಮಾಂಟೆರೇ ಉತ್ಸವದಲ್ಲಿ ಜಾಪ್ಲಿನ್ ಅದನ್ನ ಹಾಡಿ ಒಂದೇ ದಿನದಲ್ಲಿ ಪ್ರಸಿದ್ಧಳಾದಳು. ಈ ಹಾಡು ಯಾರದು ಅನ್ನೋದನ್ನ ಆ ಹುಡುಗಿ ಮುಚ್ಚಿಡಲಿಲ್ಲ. ಅದರಿಂದ ವಿಲೀ ಮೇಗೂ ಹೊಸ ವೇದಿಕೆಗಳು ಸಿಕ್ಕವು. ಒಂದು ಹೆಸರು ಹೇಳಿದ್ದಕ್ಕೇ ಇಷ್ಟು ಪ್ರಯೋಜನ ಆಯ್ತು ನೋಡಿ.

1971ರಲ್ಲಿ ಆಕೆ ಒಂದು ಕ್ರೈಸ್ತ ಹಾಡುಗಳ ಆಲ್ಬಮ್ ಮಾಡಿದಳು. ಅದರ ಹೆಸರು ಸೇವ್ಡ್, ರಕ್ಷಣೆ ಹೊಂದಿದವಳು ಅಂತ ಅರ್ಥ. ಅದರಲ್ಲಿ ಹಳೆಯ ಗುಲಾಮರ ಕಾಲದ ಹಾಡುಗಳೂ ಇವೆ. ಹತ್ತಿಯ ಹೊಲದಲ್ಲಿ ಕೂಲಿಯೇ ಇಲ್ಲದೆ ದುಡಿದ ಜನ ಕಟ್ಟಿದ ಹಾಡುಗಳು. ಅವರಲ್ಲಿ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ತನ್ನ ಹೆಸರು ಅಳಿಸಿಹೋಗುತ್ತಿದ್ದ ಹೆಂಗಸು, ಹೆಸರೇ ಉಳಿಯದವರ ಹಾಡು ಹಾಡಿದಳು. ಅದನ್ನ ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ.

ಆಕೆಯನ್ನ ನಾನು ಪರಿಶುದ್ಧಳು ಅಂತ ಚಿತ್ರಿಸಲ್ಲ. ಕುಡಿತ ಆಕೆಯನ್ನ ತಿಂದುಹಾಕಿತು. ಗಜಗಾತ್ರದ ಶರೀರ ಕೊನೆಗೆ 95 ಪೌಂಡಿಗೆ ಇಳಿದಿತ್ತು, ಅಂದ್ರೆ ಸುಮಾರು 43 ಕಿಲೋ. 1984ರ ಜುಲೈ 25ರಂದು ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿ ತೀರಿಕೊಂಡಳು. ವಯಸ್ಸು 57. ಹೌಂಡ್ ಡಾಗ್ ರೆಕಾರ್ಡಿಂಗ್‌ನಲ್ಲಿದ್ದ ಜಾನಿ ಓಟಿಸ್ ಅಷ್ಟರಲ್ಲಿ ಪಾಸ್ಟರ್ ಆಗಿದ್ದ. ಶವಸಂಸ್ಕಾರದ ಆರಾಧನೆಯನ್ನ ಅವನೇ ನಡೆಸಿದ. ಇಂಗಲ್‌ವುಡ್ ಪಾರ್ಕ್ ಸ್ಮಶಾನದಲ್ಲಿ ಆಕೆಗೆ ಒಂದು ಸ್ವಂತ ಸಮಾಧಿಯೂ ಇಲ್ಲ. ಇನ್ನಿಬ್ಬರ ಜೊತೆ ಒಂದೇ ಗುಂಡಿ, ಒಂದೇ ಕಲ್ಲು, ಕಲ್ಲಿನ ಮೇಲೆ ಮೂರು ಹೆಸರು.

ಗೌರವ ಬಂತು, ತಡವಾಗಿ ಬಂತು. ಎಲ್ವಿಸ್‌ನ ಹೌಂಡ್ ಡಾಗ್ 1988ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್ ಸೇರಿತು. ಆಕೆಯದು ಸೇರಿದ್ದು 2013ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯ ಹೆಸರನ್ನ ಸೇರಿಸಿಕೊಂಡದ್ದು 2024ರಲ್ಲಿ, ಸತ್ತು 40 ವರ್ಷ ಆದಮೇಲೆ. ಫಲಕದಿಂದ ಮನೆ ಬಾಡಿಗೆ ಕಟ್ಟೋಕೆ ಆಗಲ್ಲ, ಪ್ರಿಯರೇ.

ಪರಲೋಕದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಹೇಳಿ ನಿಮ್ಮನ್ನ ಮನೆಗೆ ಕಳಿಸೋದು ಸುಲಭ. ಯಾಕೋಬನು ಹಾಗೆ ಬಿಡಲ್ಲ. ಕೂಲಿ ಕೂಗ್ತಿದೆ ಅಂತ ಅವನು ಹೇಳೋದು ಕೂಲಿ ಇಟ್ಟುಕೊಂಡವರಿಗೆ. ಅದಕ್ಕೇ ಇವತ್ತು ನಾನು ನಿಮ್ಮ ಹತ್ತಿರ ನೇರವಾಗಿ ಕೇಳ್ತೀನಿ. ಟೀಮಿನ ಜೂನಿಯರ್ ರಾತ್ರಿಯೆಲ್ಲ ಕೂತು ಮಾಡಿದ ಕೆಲಸವನ್ನ ಮೀಟಿಂಗ್‌ನಲ್ಲಿ ತೋರಿಸುವಾಗ ಅವನ ಹೆಸರು ಹೇಳಿದ್ರಾ? ಸ್ನೇಹಿತನ ಕೈಲಿ ವಿಡಿಯೋ ಎಡಿಟ್ ಮಾಡಿಸಿಕೊಂಡು, ಸೇವೆ ಅಂತ ಮಾಡು ಬ್ರದರ್ ಅಂದು ಸುಮ್ಮನಾದ್ರಾ? ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಒಂದನೇ ತಾರೀಕು ಕೊಡೋದು ಹತ್ತಕ್ಕೆ ಹೋಗಿದ್ಯಾ? ಸಭೆಯಲ್ಲಿ ಹಾಡುವ ಹಾಡು ಬರೆದವರು ಯಾರು ಅಂತ ಒಂದು ಸಾರಿಯಾದ್ರೂ ಹುಡುಕಿ ನೋಡಿದ್ದೀರಾ?

ಈ ವಾರ ಎರಡು ಕೆಲಸ ಮಾಡೋಣ. ಕೊಡಬೇಕಾದ ಹಣ ಇದ್ದರೆ ಮುಂದಿನ ಭಾನುವಾರಕ್ಕೆ ಮೊದಲು ಕೊಡಿ. ಹೇಳಬೇಕಾದ ಹೆಸರು ಇದ್ದರೆ ನಾಲ್ಕು ಜನರ ಮುಂದೆ ಹೇಳಿ. ಅವರು ಕೇಳೋ ತನಕ ಕಾಯಬೇಡಿ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಕೆಲಸ ನಮ್ಮ ಹೆಸರಿನಲ್ಲಿ ನಡೆದಿದ್ದರೂ ಕೈ ಬೇರೆಯವರದಾಗಿದ್ದರೆ, ಆ ಒಬ್ಬ ವ್ಯಕ್ತಿಯ ಹೆಸರನ್ನ ಮನಸ್ಸಿಗೆ ತಂದುಕೊಂಡು ಪ್ರಾರ್ಥಿಸೋಣ. ಆಮೆನ್.