ವಾದ್ಯಮೇಳದ ಉಪಾಧ್ಯಾಯ

ಸಂಗೀತಗಾರನೊಬ್ಬನು ತೀರಿಕೊಂಡ ಮೇಲೆ ಅವನ ಸಂಗೀತವನ್ನು ಕಾಯುವವರು ಯಾರು? ಶಿಷ್ಯರು ಎಂಬ ಉತ್ತರ ನಮ್ಮಲ್ಲಿ ತಟ್ಟನೆ ಬರುತ್ತದೆ. ಮೃದಂಗದವರು ಎಂದು ಯಾರೂ ಹೇಳಲಾರರು. ಅಮೆರಿಕದ ಜಾಜ್ ಸಂಗೀತದಲ್ಲಿ ಹಾಗೆಯೇ ನಡೆದ ಪ್ರಸಂಗವೊಂದುಂಟು. ಲೂಯಿಸ್ ಹೇಯ್ಸ್ ಎಂಬ ಡ್ರಮ್ ವಾದಕನು, ತನ್ನ ಹಿಂದಿನ ನಾಯಕನು ಕಣ್ಮರೆಯಾಗಿ ಸುಮಾರು ಕಾಲು ಶತಮಾನ ಕಳೆದ ಮೇಲೆ, ಅವನ ಹೆಸರಿನಲ್ಲಿ ಒಂದು ಮೇಳವನ್ನು ಕಟ್ಟಿದನು. ಆ ಮೇಳವು ಶ್ರೋತೃಗಳ ಎದುರಿನಲ್ಲಿ ನುಡಿಸಿದ ಧ್ವನಿಮುದ್ರಿಕೆಯನ್ನು ಕೇಳುವಾಗಲೆಲ್ಲ ನನ್ನ ಮನಸ್ಸು ಆ ನಾಯಕನ ಬಾಳಿನ ಕಡೆಗೆ ಹರಿಯುತ್ತದೆ. ಆತನೇ ಜೂಲಿಯನ್ ಆ್ಯಡರ್ಲಿ; ಲೋಕವು ಬಲ್ಲ ಹೆಸರು ಕ್ಯಾನನ್‌ಬಾಲ್ ಆ್ಯಡರ್ಲಿ.

ಕ್ಯಾನನ್‌ಬಾಲ್ ಎಂದರೆ ಫಿರಂಗಿಯ ಗುಂಡು. ಹುಡುಗನ ಊಟದ ಭರಾಟೆಯನ್ನು ಕಂಡು ಗೆಳೆಯರು ನರಭಕ್ಷಕ ಎಂಬರ್ಥದ ಇಂಗ್ಲಿಷ್ ಮಾತಿನಿಂದ ಕರೆದರಂತೆ. ಅದು ಬಾಯಿಂದ ಬಾಯಿಗೆ ಸವೆದು ಫಿರಂಗಿಯ ಗುಂಡಾಯಿತು. ಆತನು ಫ್ಲಾರಿಡಾ ಸಂಸ್ಥಾನದ ಟ್ಯಾಂಪಾ ನಗರದಲ್ಲಿ 1928ರ ಸೆಪ್ಟೆಂಬರ್ 15ರಂದು ಹುಟ್ಟಿದನು. ತಂದೆತಾಯಿಗಳು ಅಧ್ಯಾಪಕರು. ಮಗನೂ ಅದೇ ದಾರಿ ಹಿಡಿದು, 1948ರಲ್ಲಿ ಫೋರ್ಟ್ ಲಾಡರ್ಡೇಲಿನ ಡಿಲ್ಲಾರ್ಡ್ ಹೈಸ್ಕೂಲಿನಲ್ಲಿ ವಾದ್ಯವೃಂದದ ಉಪಾಧ್ಯಾಯನಾದನು. ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಕಾನೂನೇ ಬೇರೆ ಬೇರೆ ಶಾಲೆಗಳನ್ನು ವಿಧಿಸಿದ್ದ ಕಾಲವದು; ಡಿಲ್ಲಾರ್ಡ್ ಕರಿಯ ಮಕ್ಕಳ ಶಾಲೆ. ನಡುವೆ ಕೆಲಕಾಲ ಸೈನ್ಯದಲ್ಲಿದ್ದು ಅಲ್ಲಿಯ ವಾದ್ಯವೃಂದವನ್ನೂ ನಡೆಸಿ, ಮತ್ತೆ ಪಾಠಕ್ಕೆ ಮರಳಿದನು.

1955ರ ಬೇಸಿಗೆಯಲ್ಲಿ ಈ ಮೇಷ್ಟರು ನ್ಯೂಯಾರ್ಕಿಗೆ ಬಂದುದು ಹೆಚ್ಚಿನ ವ್ಯಾಸಂಗದ ಆಸೆಯಿಂದ. ಒಂದು ರಾತ್ರಿ ಕೆಫೆ ಬೊಹೀಮಿಯಾ ಎಂಬಲ್ಲಿ ಆಸ್ಕರ್ ಪೆಟಿಫೋರ್ಡನ ಮೇಳದ ಸ್ಯಾಕ್ಸೋಫೋನ್ ವಾದಕನು ಇನ್ನೂ ಬಂದಿರಲಿಲ್ಲ. ಕೇಳಲು ಬಂದಿದ್ದ ಆ್ಯಡರ್ಲಿಗೆ ಕರೆ ಬಂತು. ಹೊಸಬನನ್ನು ಪರೀಕ್ಷಿಸಲೆಂದು ಅತಿ ದ್ರುತಗತಿಯಲ್ಲಿ ನುಡಿಸಿದರಂತೆ. ಆತನು ತಡವರಿಸದೆ ನುಡಿಸಿದನು. ಸ್ಯಾಕ್ಸೋಫೋನಿನ ಮಹಾನ್ ವಾದಕ ಚಾರ್ಲಿ ಪಾರ್ಕರ್ ತೀರಿಕೊಂಡು ಆಗ ಕೆಲವೇ ತಿಂಗಳು. ಖಾಲಿಯಾದ ಪೀಠಕ್ಕೆ ಉತ್ತರಾಧಿಕಾರಿ ಬಂದನೆಂದು ಜನ ಕೂಗಿದರು. ಇಂಥ ಹೊಗಳಿಕೆ ಯುವಕನ ಕತ್ತಿಗೆ ಕಟ್ಟಿದ ಕಲ್ಲು. ತಮ್ಮ ನ್ಯಾಟನೊಡನೆ ಕಟ್ಟಿದ ಮೊದಲ ಮೇಳವು ಹಣದ ಮುಗ್ಗಟ್ಟಿನಿಂದ ಮುರಿಯಿತು. 1957ರಲ್ಲಿ ಮೈಲ್ಸ್ ಡೇವಿಸನ ಮೇಳವನ್ನು ಸೇರಿ, ಜಾನ್ ಕೋಲ್ಟ್ರೇನನ ಪಕ್ಕದಲ್ಲಿ ನಿಂತು, ಆತನು ಮತ್ತೆ ವಿದ್ಯಾರ್ಥಿಯಾದನು. 1959ರ ‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯಲ್ಲಿ ಡೇವಿಸನ ಮಿತವಾದ ಸ್ವರಗಳ ಬಳಿಯಲ್ಲಿ ಆ್ಯಡರ್ಲಿಯ ವಾದನವು ಮನೆಗೆ ಬಂದ ನೆಂಟನ ನಗುವಿನಂತೆ ಕೇಳಿಬರುತ್ತದೆ.

ಅದೇ ವರ್ಷ ಆತನು ತಮ್ಮನೊಡನೆ ಮರಳಿ ಮೇಳ ಕಟ್ಟಿದನು. ಡ್ರಮ್ಮಿಗೆ ಕುಳಿತವನು ಡೆಟ್ರಾಯ್ಟಿನ ಇಪ್ಪತ್ತೆರಡರ ತರುಣ ಲೂಯಿಸ್ ಹೇಯ್ಸ್. ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾಜ್ ವರ್ಕ್‌ಷಾಪ್ ಎಂಬಲ್ಲಿ, ಕಿಕ್ಕಿರಿದ ಜನರ ಮುಂದೆ, ರಿವರ್‌ಸೈಡ್ ಕಂಪೆನಿಯವರು ಅವರ ವಾದನವನ್ನು ಮುದ್ರಿಸಿಕೊಂಡರು. ಆ ಮುದ್ರಿಕೆಯಲ್ಲಿ ಮೊದಲು ಕೇಳುವುದು ವಾದ್ಯವಲ್ಲ, ಮೇಷ್ಟರ ಮಾತು. ಪಿಯಾನೋದ ಬಾಬ್ಬಿ ಟಿಮ್ಮನ್ಸ್ ರಚಿಸಿದ ಮೂರೆಣಿಕೆಯ ನಡೆಯ ಕೃತಿಯೊಂದನ್ನು ಪರಿಚಯಿಸಿ, ಅದರ ಬೇರು ಇಗರ್ಜಿಯ ಹಾಡುಗಾರಿಕೆಯಲ್ಲಿದೆಯೆಂದು ಸೂಚಿಸಿ, ಆಮೇಲೆ ನುಡಿಸುತ್ತಾನೆ. ಬಂದವರು ಮೂಢರೆಂಬ ತಾತ್ಸಾರವಾಗಲಿ, ಅವರನ್ನು ಓಲೈಸುವ ಹಂಬಲವಾಗಲಿ ಅಲ್ಲಿಲ್ಲ. ಕೇಳುವವನಿಗೆ ತಿಳಿಯಬೇಕು, ತಿಳಿದರೆ ಹೆಚ್ಚು ಸುಖಪಡುತ್ತಾನೆ ಎಂಬ ನಂಬಿಕೆಯಿದೆ. ಆತನು ಬಿಟ್ಟುಬಂದುದು ಶಾಲೆಯ ಕಟ್ಟಡವನ್ನು ಮಾತ್ರ ಎಂದು ನನಗನ್ನಿಸುತ್ತದೆ.

1966ರ ‘ಮರ್ಸಿ, ಮರ್ಸಿ, ಮರ್ಸಿ’ ಆತನಿಗೆ ಎಲ್ಲಕ್ಕಿಂತ ಹೆಚ್ಚಿನ ಜನಪ್ರಿಯತೆಯನ್ನು ತಂದಿತು. ಜೋ ಜಾವಿನುಲ್ ರಚಿಸಿದ ಆ ಕೃತಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು. ಷಿಕಾಗೋದ ಕ್ಲಬ್ಬಿನಲ್ಲಿ ಮುದ್ರಿಸಿದುದೆಂದು ಹೊದಿಕೆ ಹೇಳುತ್ತಿತ್ತು. ನಿಜವಾಗಿ ಅದು ನಡೆದುದು ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋದಲ್ಲಿ. ಅಲ್ಲಿಗೇ ಜನರನ್ನು ಕರೆಸಿ, ಪಾನೀಯ ಹಂಚಿ, ಸಭೆಯೊಂದನ್ನು ಏರ್ಪಡಿಸಿದ್ದರು. ಹೊದಿಕೆಯ ಮಾತು ಸುಳ್ಳು, ಅದನ್ನು ಒಪ್ಪಬೇಕಾಗಿಲ್ಲ. ಆದರೂ ಆ ಕೂಗು, ಆ ಚಪ್ಪಾಳೆ ಸಾಚಾ. ಎದುರಿಗೆ ತರಗತಿಯಿಲ್ಲದೆ ಈ ಉಪಾಧ್ಯಾಯನ ಪಾಠ ಸಾಗದೆಂಬುದನ್ನು ಆ ಏರ್ಪಾಡೇ ಹೇಳುತ್ತದೆ.

1975ರಲ್ಲಿ ಪ್ರವಾಸದ ನಡುವೆ ಇಂಡಿಯಾನಾದ ಗ್ಯಾರಿ ನಗರದಲ್ಲಿ ಆತನಿಗೆ ಮೆದುಳಿನ ಆಘಾತವಾಯಿತು. ಆಗಸ್ಟ್ 8ರಂದು ಪ್ರಾಣ ಹೋಯಿತು; ವಯಸ್ಸು ನಲವತ್ತಾರು. ತಮ್ಮ ನ್ಯಾಟ್ 2000ದಲ್ಲಿ ತೀರಿಕೊಂಡನು.

ಆಮೇಲೆ ಆ ಸಂಗೀತದ ಹೊಣೆ ಹೊತ್ತವರಲ್ಲಿ ಹೇಯ್ಸ್ ಮುಖ್ಯನು. 1965ರವರೆಗೆ ಆ್ಯಡರ್ಲಿಯ ಬೆನ್ನ ಹಿಂದೆ ಕುಳಿತು ನುಡಿಸಿದವನು ಆತ. ನ್ಯಾಟನ ಮೇಳದಲ್ಲಿ ಪಳಗಿದ ವಿನ್ಸೆಂಟ್ ಹೆರಿಂಗನು ಸ್ಯಾಕ್ಸೋಫೋನ್ ಹಿಡಿದನು. ಸ್ವರಗಳನ್ನು ಕಾಗದದ ಮೇಲೆ ಬರೆದಿಡಬಹುದು, ಹಳೆಯ ಮುದ್ರಿಕೆಯಿಂದಲೂ ಕಲಿಯಬಹುದು. ಎಲ್ಲಿ ತಡೆದು ನಿಂತರೆ ನಾಯಕನಿಗೆ ಉಸಿರು ದೊರೆಯುತ್ತದೆ, ಎಲ್ಲಿ ನೂಕಿದರೆ ಆತನು ಕೆರಳಿ ಹಾರುತ್ತಾನೆ ಎಂಬುದು ಮಾತ್ರ ಹಿಂದೆ ಕುಳಿತವನ ಕೈಗೆ ಗೊತ್ತು. ಆ ಅರಿವು ಕಿರಿಯರಿಗೆ ದಾಟಬೇಕಾದರೆ ಅವರೊಡನೆ ಕುಳಿತು ನುಡಿಸಬೇಕು, ಜನರೆದುರು ನುಡಿಸಬೇಕು. ಹೇಯ್ಸ್ ಮಾಡಿದುದು ಇಷ್ಟೆ. 2023ರಲ್ಲಿ ಆತನಿಗೆ ಆ ದೇಶದ ಜಾಜ್ ಮಾಸ್ಟರ್ ಗೌರವ ಸಂದಿತು. ಮಾಸ್ಟರ್ ಎಂಬ ಆ ಮಾತನ್ನು ನಮ್ಮ ಹಳ್ಳಿಯ ಮಕ್ಕಳು ಎಂದೋ ಮೇಷ್ಟರು ಎಂದು ಮಾಡಿಕೊಂಡಿದ್ದಾರೆ. ಈ ಇಬ್ಬರಿಗೂ ಒಪ್ಪುವುದು ಅದೇ ಎಂದು ನನ್ನ ಭಾವನೆ.