ರಾಬರ್ಟ್ ಫಿಟ್ಜ್‌ರಾಯ್

ರಾಬರ್ಟ್ ಫಿಟ್ಜ್‌ರಾಯ್ (ಜುಲೈ 5, 1805 – ಏಪ್ರಿಲ್ 30, 1865) ಬ್ರಿಟಿಷ್ ನೌಕಾಪಡೆಯ ಅಧಿಕಾರಿ, ಕರಾವಳಿಗಳ ಮೋಜಣಿ ನಡೆಸಿದ ನಾವಿಕ ಹಾಗೂ ಹವಾಮಾನ ಮುನ್ಸೂಚನೆಯ ಪ್ರವರ್ತಕ. ಚಾರ್ಲ್ಸ್ ಡಾರ್ವಿನ್ ಪ್ರಪಂಚ ಪರ್ಯಟನ ಮಾಡಿದ ಬೀಗಲ್ ಹಡಗಿನ ಕಪ್ತಾನ ಎಂದು ಈತನ ಹೆಸರು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಆದರೆ ಬಿರುಗಾಳಿ ಬರುವ ಮುನ್ನವೇ ಬಂದರುಗಳಿಗೆ ತಂತಿಯ ಮೂಲಕ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು ಬ್ರಿಟನ್ನಿನಲ್ಲಿ ಸ್ಥಾಪಿಸಿದವನೂ, ದಿನಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಹವಾಮಾನ ಮುನ್ಸೂಚನೆ ಪ್ರಕಟಿಸಲು ಮೊದಲು ಮಾಡಿದವನೂ ಇವನೇ. ಈ ಕಾರ್ಯವೇ ಅವನ ಜೀವನದ ನಿಜವಾದ ಸಾಧನೆ. ಅವನ ಕೊನೆಯ ವರ್ಷಗಳ ಸಂಕಟಕ್ಕೂ ಇದೇ ಬಹುಮಟ್ಟಿಗೆ ಕಾರಣ.

ಮನೆತನ ಮತ್ತು ಶಿಕ್ಷಣ

ಫಿಟ್ಜ್‌ರಾಯ್ ಇಂಗ್ಲೆಂಡಿನ ಸಫೋಕ್ ಪ್ರಾಂತದ ಆಂಪ್ಟನ್ ಎಂಬಲ್ಲಿ ಜನಿಸಿದ. ತಂದೆ ಲಾರ್ಡ್ ಚಾರ್ಲ್ಸ್ ಫಿಟ್ಜ್‌ರಾಯ್ ಸೇನಾಧಿಕಾರಿ. ಅಜ್ಜ ಗ್ರಾಫ್ಟನ್ನಿನ ಮೂರನೆಯ ಡ್ಯೂಕ್ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದವನು. ಈ ವಂಶದ ಮೂಲ ಎರಡನೆಯ ಚಾರ್ಲ್ಸ್ ದೊರೆಯವರೆಗೆ ಹೋಗುತ್ತದೆ. ತಾಯಿಯ ಕಡೆಯ ಸೋದರಮಾವ ಲಾರ್ಡ್ ಕ್ಯಾಸಲ್‌ರೇ ಪ್ರಸಿದ್ಧ ವಿದೇಶಾಂಗ ಮಂತ್ರಿ. ಆತ 1822ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆ ಸಾವಿನ ನೆರಳು ಫಿಟ್ಜ್‌ರಾಯನನ್ನು ಬಾಳಿನುದ್ದಕ್ಕೂ ಕಾಡಿತು.

ಹನ್ನೆರಡನೆಯ ವಯಸ್ಸಿನಲ್ಲಿ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜನ್ನು ಸೇರಿದ ಈತ, 1824ರ ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಗಳಿಸಿದ. ಅದುವರೆಗೆ ಯಾರೂ ಅಷ್ಟು ಅಂಕ ಪಡೆದಿರಲಿಲ್ಲ.

ಬೀಗಲ್ ಹಡಗಿನಲ್ಲಿ

ದಕ್ಷಿಣ ಅಮೆರಿಕದ ತುತ್ತತುದಿಯ ಕರಾವಳಿಯನ್ನು ಅಳೆಯುತ್ತಿದ್ದ ಬೀಗಲ್ ಹಡಗಿನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್, ಆ ನಿರ್ಜನ ಪ್ರದೇಶದ ಏಕಾಂತವನ್ನು ತಾಳಲಾರದೆ 1828ರಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಆ ಸ್ಥಾನಕ್ಕೆ 23 ವರ್ಷದ ಫಿಟ್ಜ್‌ರಾಯ್ ನೇಮಕಗೊಂಡ. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, 1829ರ ಜನವರಿಯಲ್ಲಿ, ಪ್ಲಾಟಾ ನದಿಯ ಮುಖದ ಬಳಿ ಹಡಗು ಪಾಂಪೆರೊ ಗಾಳಿಗೆ ಸಿಕ್ಕಿತು. ಪಾಂಪೆರೊ ಎಂಬುದು ಅರ್ಜೆಂಟೀನಾದ ಹುಲ್ಲುಗಾವಲುಗಳ ಮೇಲಿಂದ ಹಠಾತ್ತನೆ ನುಗ್ಗಿ ಬರುವ ತಂಪಾದ ನೈಋತ್ಯದ ಬಿರುಗಾಳಿ. ಹಡಗು ಪಕ್ಕಕ್ಕೆ ವಾಲಿ, ಹಾಯಿಕಂಬಗಳ ಮೇಲ್ಭಾಗ ಮುರಿದು ಬಿದ್ದು, ಇಬ್ಬರು ನಾವಿಕರು ಪ್ರಾಣ ಕಳೆದುಕೊಂಡರು. ಗಾಳಿ ಏಳುವುದಕ್ಕೆ ಮೊದಲೇ ವಾಯುಭಾರಮಾಪಕದಲ್ಲಿ ಪಾದರಸ ಇಳಿದಿತ್ತು. ಕಪ್ತಾನ ಅದಕ್ಕೆ ತಕ್ಕ ಬೆಲೆ ಕೊಟ್ಟಿರಲಿಲ್ಲ. ಮುಂದೆ ಈ ಉಪಕರಣದ ಬಗ್ಗೆ ಅವನಿಗೆ ಉಂಟಾದ ಶ್ರದ್ಧೆಯನ್ನು ಈ ಘಟನೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಇದೇ ಯಾನದಲ್ಲಿ ಟಿಯೆರ್ರಾ ಡೆಲ್ ಫ್ಯೂಗೊ ದ್ವೀಪಗಳ ನಾಲ್ವರು ಮೂಲನಿವಾಸಿಗಳನ್ನು ಆತ ಇಂಗ್ಲೆಂಡಿಗೆ ಕರೆತಂದ. ಅವರಲ್ಲಿ ಒಬ್ಬ ಸಿಡುಬಿನಿಂದ ಸತ್ತ. ಉದ್ದೇಶ ಒಳ್ಳೆಯದೇ ಇದ್ದರೂ, ಜನರನ್ನು ಅವರ ನೆಲದಿಂದ ಕಿತ್ತು ತಂದ ಈ ಕೃತ್ಯವನ್ನು ಇಂದು ಸಮರ್ಥಿಸಲಾಗದು. ಉಳಿದ ಮೂವರನ್ನು ಅವರ ನಾಡಿಗೆ ಹಿಂದಿರುಗಿಸುವುದು ಎರಡನೆಯ ಯಾನದ ಒಂದು ಕಾರಣವಾಯಿತು.

ಆ ಎರಡನೆಯ ಯಾನ 1831ರ ಡಿಸೆಂಬರ್ 27ರಂದು ಹೊರಟು 1836ರ ಅಕ್ಟೋಬರ್ 2ರಂದು ಮುಗಿಯಿತು. ಸ್ಟೋಕ್ಸನಿಗಾದ ಗತಿ ತನಗಾಗಬಾರದೆಂದು ವಿದ್ಯಾವಂತ ಸಂಗಾತಿಯೊಬ್ಬನನ್ನು ಫಿಟ್ಜ್‌ರಾಯ್ ಬಯಸಿದ. ಹಾಗೆ ಬಂದವನು 22 ವರ್ಷದ ಡಾರ್ವಿನ್. ಹಡಗಿನಲ್ಲಿ ರೇಖಾಂಶ ನಿರ್ಣಯಕ್ಕಾಗಿ 22 ಕಾಲಮಾಪಕಗಳಿದ್ದವು; ಅವುಗಳಲ್ಲಿ ಕೆಲವು ಕಪ್ತಾನನ ಸ್ವಂತದವು. ಗಾಳಿಯ ಬಲವನ್ನು ಸಂಖ್ಯೆಗಳಲ್ಲಿ ಹೇಳುವ ಬ್ಯೂಫೋರ್ಟ್ ಮಾಪನವನ್ನು ಅಧಿಕೃತವಾಗಿ ಮೊದಲು ಬಳಸಿದ್ದು ಈ ಯಾನದಲ್ಲಿಯೇ. ಗುಲಾಮಗಿರಿಯ ವಿಷಯವಾಗಿ ಇಬ್ಬರಿಗೂ ಬ್ರೆಜಿಲಿನಲ್ಲಿ ಜಗಳವಾಗಿ, ಫಿಟ್ಜ್‌ರಾಯನೇ ಅನಂತರ ಕ್ಷಮೆ ಕೇಳಿದ. ಮೋಜಣಿಯ ಅನುಕೂಲಕ್ಕೆಂದು ತನ್ನ ಹಣದಿಂದ ಕೊಂಡ ಇನ್ನೊಂದು ನೌಕೆಯ ವೆಚ್ಚವನ್ನು ನೌಕಾಡಳಿತ ಒಪ್ಪದಿದ್ದಾಗ, ಖಿನ್ನನಾಗಿ ಕೆಲಕಾಲ ನಾಯಕತ್ವವನ್ನೇ ಬಿಟ್ಟಿದ್ದ. ಅವನು ಸಿದ್ಧಪಡಿಸಿದ ಕರಾವಳಿ ನಕ್ಷೆಗಳು ಮುಂದೆ ಬಹುಕಾಲ ಬಳಕೆಯಲ್ಲಿದ್ದವು. 1837ರಲ್ಲಿ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿಯ ಚಿನ್ನದ ಪದಕ ದೊರೆಯಿತು.

1841ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ ಈತ 1843ರಿಂದ 1845ರವರೆಗೆ ನ್ಯೂಜಿಲೆಂಡಿನ ಗವರ್ನರಾಗಿದ್ದ. ಭೂಮಿಯ ವಿವಾದಗಳಲ್ಲಿ ಮಾವೊರಿ ಜನರ ವಾದಕ್ಕೂ ಕಿವಿಗೊಟ್ಟದ್ದರಿಂದ ವಲಸಿಗರ ವಿರೋಧ ಕಟ್ಟಿಕೊಂಡ, ಬೊಕ್ಕಸವೂ ಬರಿದಾಗಿತ್ತು. ಸರ್ಕಾರ ಅವನನ್ನು ಹಿಂದಕ್ಕೆ ಕರೆಸಿಕೊಂಡಿತು.

ಹವಾಮಾನ ಇಲಾಖೆ

ಸಮುದ್ರದ ಗಾಳಿ ಮತ್ತು ಪ್ರವಾಹಗಳ ದಾಖಲೆಗಳನ್ನು ಎಲ್ಲ ರಾಷ್ಟ್ರಗಳೂ ಒಂದೇ ಕ್ರಮದಲ್ಲಿ ಇಡಬೇಕೆಂದು 1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಸಮ್ಮೇಳನ ನಿರ್ಧರಿಸಿತು. ಅದರ ಫಲವಾಗಿ 1854ರಲ್ಲಿ ಬ್ರಿಟನ್ನಿನ ವಾಣಿಜ್ಯ ಮಂಡಳಿಯಲ್ಲಿ ಒಂದು ಸಣ್ಣ ಹವಾಮಾನ ಇಲಾಖೆ ಹುಟ್ಟಿಕೊಂಡಿತು. ಇಂದಿನ ಮೆಟ್ ಆಫೀಸ್‌ನ ಮೂಲ ಇದು. ಫಿಟ್ಜ್‌ರಾಯ್ ಅದರ ಮುಖ್ಯಸ್ಥನಾದ. ಲಂಡನ್ನಿನ ಹವೆ ಹೇಗಿರುವುದೆಂದು ಒಂದು ದಿನ ಮುಂಚೆಯೇ ತಿಳಿಯುವ ಕಾಲ ಬಂದೀತೆಂದು ಆ ವರ್ಷ ಪಾರ್ಲಿಮೆಂಟಿನಲ್ಲಿ ಸದಸ್ಯನೊಬ್ಬ ಹೇಳಿದಾಗ ಸಭೆಯೆಲ್ಲ ನಕ್ಕಿತ್ತು. ಇಲಾಖೆಗೆ ಒಪ್ಪಿಸಿದ ಕೆಲಸವೂ ಮುನ್ಸೂಚನೆಯದಲ್ಲ. ಹಡಗುಗಳ ದಾಖಲೆಗಳನ್ನು ಕಲೆಹಾಕಿ ಅಂಕಿಅಂಶ ಸಿದ್ಧಪಡಿಸುವುದಷ್ಟೇ.

ಅಂಕಿಅಂಶಗಳಲ್ಲೇ ಉಳಿಯುವ ಸ್ವಭಾವ ಅವನದಲ್ಲ. ವಾಯುಭಾರಮಾಪಕವನ್ನು ಕೊಳ್ಳಲಾಗದ ಬಡ ಮೀನುಗಾರರ ಹಳ್ಳಿಗಳಲ್ಲಿ, ಎಲ್ಲರೂ ನೋಡಬಹುದಾದ ಜಾಗದಲ್ಲಿ, ಗಟ್ಟಿಮುಟ್ಟಾದ ಮಾಪಕಗಳನ್ನು ಇರಿಸುವ ವ್ಯವಸ್ಥೆ ಮಾಡಿದ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ ಸುಮಾರು 76 ಸೆಂ.ಮೀ. ಎತ್ತರದ ಪಾದರಸದ ಕಂಬವನ್ನು ಹೊರುತ್ತದೆ. ಪಾದರಸ ಎಲ್ಲಿ ನಿಂತಿದೆ ಎಂಬುದಕ್ಕಿಂತ ಅದು ಏರುತ್ತಿದೆಯೇ ಇಳಿಯುತ್ತಿದೆಯೇ, ಎಷ್ಟು ವೇಗವಾಗಿ ಎಂಬುದು ಮುಖ್ಯ. ಬೇಗ ಇಳಿದರೆ ವಾಯುಭಾರ ಕುಸಿತದ ಕೇಂದ್ರ ಸಮೀಪಿಸುತ್ತಿದೆ ಎಂದು ಅರ್ಥ. ಇದನ್ನು ಗಾಳಿಯ ದಿಕ್ಕು, ಉಷ್ಣತೆ ಮತ್ತು ತೇವಾಂಶಗಳ ಜೊತೆಗೆ ಸೇರಿಸಿ ಓದುವ ಬಗೆಯನ್ನು ನಾವಿಕರಿಗಾಗಿ ಸರಳ ಕೈಪಿಡಿಯಾಗಿ ಬರೆದುಕೊಟ್ಟ.

ರಾಯಲ್ ಚಾರ್ಟರ್ ದುರಂತ

1859ರ ಅಕ್ಟೋಬರ್ 25ರ ರಾತ್ರಿ ಐರಿಷ್ ಸಮುದ್ರದಲ್ಲಿ ಘೋರ ಬಿರುಗಾಳಿ ಎದ್ದಿತು. ಆಸ್ಟ್ರೇಲಿಯದ ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ಗಮ್ಯಸ್ಥಾನಕ್ಕೆ ಇನ್ನೇನು ತಲುಪಬೇಕೆನ್ನುವಾಗ, ಮರುದಿನ ಬೆಳಗಿನ ಜಾವ ವೇಲ್ಸಿನ ಆಂಗಲ್‌ಸಿ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಚಿನ್ನದ ಗಣಿಗಳಲ್ಲಿ ದುಡಿದ ಗಳಿಕೆಯೊಂದಿಗೆ ಊರಿಗೆ ಮರಳುತ್ತಿದ್ದ ಪ್ರಯಾಣಿಕರೂ ಸೇರಿ ಸುಮಾರು 450 ಮಂದಿ ಸತ್ತರು. ಹೆಂಗಸರು, ಮಕ್ಕಳಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ. ಅದೇ ಬಿರುಗಾಳಿಯಲ್ಲಿ ಮುಳುಗಿದ ಹಡಗುಗಳ ಸಂಖ್ಯೆ ನೂರನ್ನು ಮೀರಿತ್ತು.

ಫಿಟ್ಜ್‌ರಾಯ್ ದೀಪಸ್ತಂಭಗಳಿಂದಲೂ ಹಡಗುಗಳಿಂದಲೂ ಆ ದಿನಗಳ ದಾಖಲೆಗಳನ್ನು ತರಿಸಿ, ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಸ್ಥಳಗಳಲ್ಲಿ ಇದ್ದ ಒತ್ತಡ, ಗಾಳಿ, ಉಷ್ಣತೆಗಳನ್ನು ನಕ್ಷೆಯ ಮೇಲೆ ಗುರುತಿಸಿದ. ಬಿರುಗಾಳಿ ಒಂದು ಕೇಂದ್ರದ ಸುತ್ತ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತ ಉತ್ತರಕ್ಕೆ ಚಲಿಸಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣಿಸಿತು. ಬಿರುಗಾಳಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬರುತ್ತದೆ. ತಂತಿಯ ಸುದ್ದಿ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಹಾಗಿದ್ದಮೇಲೆ ಮುಂದಿನ ಬಂದರಿಗೆ ಎಚ್ಚರಿಕೆ ಕೊಡಲು ಏನಡ್ಡಿ ಎಂಬುದು ಅವನ ತರ್ಕ.

ಎಚ್ಚರಿಕೆಯ ಸಂಕೇತಗಳು ಮತ್ತು ದಿನನಿತ್ಯದ ಮುನ್ಸೂಚನೆ

ಕರಾವಳಿಯ 15 ಕೇಂದ್ರಗಳಿಂದ ಪ್ರತಿ ಬೆಳಿಗ್ಗೆ ಲಂಡನ್ನಿಗೆ ತಂತಿಯಲ್ಲಿ ವರದಿ ತರಿಸುವ ಏರ್ಪಾಡಾಯಿತು. ಅಪಾಯ ಕಂಡರೆ ಲಂಡನ್ನಿನಿಂದ ಬಂದರಿಗೆ ತಂತಿ ಹೋಗುತ್ತಿತ್ತು. ಅಲ್ಲಿ ಕಂಬದ ಮೇಲೆ ಕ್ಯಾನ್‌ವಾಸಿನ ಸಂಕೇತ ಏರಿಸುತ್ತಿದ್ದರು. ತುದಿ ಮೇಲಾದ ಶಂಕು ಉತ್ತರದ ಬಿರುಗಾಳಿಯನ್ನೂ, ತುದಿ ಕೆಳಗಾದ ಶಂಕು ದಕ್ಷಿಣದ ಬಿರುಗಾಳಿಯನ್ನೂ ಸೂಚಿಸುತ್ತಿದ್ದವು. ಉರುಳೆಯಾಕಾರದ ಸಂಕೇತಕ್ಕೆ ಒಂದಾದಮೇಲೊಂದು ಬಿರುಗಾಳಿ ಬರಲಿದೆ ಎಂದರ್ಥ. ರಾತ್ರಿ ಅದೇ ಆಕಾರದಲ್ಲಿ ಲಾಂದ್ರಗಳನ್ನು ತೂಗುಹಾಕುತ್ತಿದ್ದರು. ಮೊದಲ ಎಚ್ಚರಿಕೆ ಹೊರಟದ್ದು 1861ರ ಫೆಬ್ರವರಿಯಲ್ಲಿ. ಓದು ಬಾರದ ಮೀನುಗಾರನಿಗೂ ದೂರದಿಂದಲೇ ಅರ್ಥವಾಗುವ ಈ ಪದ್ಧತಿ ಎಷ್ಟು ಉಪಯುಕ್ತವೆಂದರೆ, ಭಾರತದ ಬಂದರುಗಳಲ್ಲಿ ಏರಿಸುವ ಬಿರುಗಾಳಿ ಸಂಕೇತಗಳಲ್ಲಿಯೂ ಶಂಕು ಮತ್ತು ಉರುಳೆಗಳೇ ಇವೆ. ಕಲ್ಕತ್ತ ಬಂದರಿನಲ್ಲಿ ಎಚ್ಚರಿಕೆಯ ವ್ಯವಸ್ಥೆ ಆರಂಭವಾದದ್ದು 1865ರಲ್ಲಿ, ಫಿಟ್ಜ್‌ರಾಯ್ ತೀರಿಕೊಂಡ ವರ್ಷವೇ.

ದಿನವೂ ವರದಿಗಳು ಬರುತ್ತಿದ್ದುದರಿಂದ ಬಿರುಗಾಳಿಯಿಲ್ಲದ ದಿನಗಳ ಹವೆಯನ್ನೂ ಹೇಳಬಹುದೆಂದು ಅವನಿಗೆ ತೋರಿತು. 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಮುನ್ಸೂಚನೆ ಪ್ರಕಟವಾಯಿತು. ಆ ದಿನ ಹೇಳಿದ್ದು ಹಿತವಾದ ಗಾಳಿ, ತಿಳಿಯಾದ ಹವೆ ಎಂಬಷ್ಟೇ. ಭವಿಷ್ಯವಾಣಿ ಎಂಬ ಅರ್ಥದ ಶಬ್ದಗಳನ್ನು ಆತ ಬೇಕೆಂದೇ ದೂರವಿಟ್ಟು, ಲೆಕ್ಕ ಹಾಕಿ ತಳೆದ ಅಭಿಪ್ರಾಯ ಎಂಬ ಅರ್ಥದಲ್ಲಿ ಫೋರ್‌ಕಾಸ್ಟ್ ಎಂಬ ಮಾತನ್ನು ಹವಾಮಾನಕ್ಕೆ ಬಳಕೆಗೆ ತಂದ. 1863ರಲ್ಲಿ ಹೊರಬಂದ ವೆದರ್ ಬುಕ್ ಎಂಬ ಗ್ರಂಥದಲ್ಲಿ, ಧ್ರುವದ ಕಡೆಯ ತಂಪು ಗಾಳಿಯೂ ಉಷ್ಣವಲಯದ ಕಡೆಯ ಬಿಸಿ ಗಾಳಿಯೂ ಸಂಧಿಸುವಲ್ಲಿ ಬಿರುಗಾಳಿಗಳು ಹುಟ್ಟುತ್ತವೆಂದು ವಿವರಿಸಿದ. ಮೊದಲ ಮಹಾಯುದ್ಧದ ಕಾಲಕ್ಕೆ ನಾರ್ವೆಯ ವಿಜ್ಞಾನಿಗಳು ರೂಪಿಸಿದ ವಾಯುಮುಖಗಳ ಸಿದ್ಧಾಂತಕ್ಕೆ ಇದು ಬಹಳ ಸಮೀಪದ್ದು.

ಟೀಕೆ ಮತ್ತು ಮರಣ

ಹದಿನೈದು ಕೇಂದ್ರಗಳ ವರದಿಯಿಂದ, ಅಟ್ಲಾಂಟಿಕ್ ಸಾಗರದ ಮೇಲೆ ಏನು ನಡೆಯುತ್ತಿದೆಯೆಂದು ತಿಳಿಯದೆ, ಹೇಳಿದ ಮಾತು ಪದೇ ಪದೇ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಕಟಿಸಿದ ಟೈಮ್ಸ್ ಪತ್ರಿಕೆಯೇ ಹಾಸ್ಯ ಮಾಡಿತು. ನಿಯಮಗಳಿಂದ ಸಿದ್ಧಪಡಿಸದ ಊಹೆ ಸರ್ಕಾರದ ಹೆಸರಿನಲ್ಲಿ ಹೊರಡಬಾರದೆಂದು ವಿಜ್ಞಾನಿಗಳು ಆಕ್ಷೇಪಿಸಿದರು. ಶಂಕು ಏರಿದ ದಿನ ದೋಣಿಗಳು ದಡದಲ್ಲೇ ಉಳಿಯುತ್ತಿದ್ದುದರಿಂದ ಮೀನುಗಾರಿಕೆಯ ಒಡೆಯರಿಗೆ ನಷ್ಟ. ಅವರ ಅಸಮಾಧಾನವೂ ಸೇರಿತು. ಆದರೆ ಸಮುದ್ರಕ್ಕೆ ಇಳಿಯಬೇಕಾದವರು ಆ ಶಂಕುವನ್ನು ನಂಬುತ್ತಿದ್ದರು.

ಅವನ ಮನಸ್ಸಿಗೆ ಬೇರೆ ಗಾಯಗಳೂ ಇದ್ದವು. ತಾನು ಹಡಗಿನಲ್ಲಿ ಕರೆದೊಯ್ದ ಯುವಕನ ವಿಕಾಸವಾದ ಧರ್ಮಶ್ರದ್ಧನಾದ ಅವನಿಗೆ ಪಾಪಭಾರವಾಗಿ ಪರಿಣಮಿಸಿತ್ತು. 1860ರಲ್ಲಿ ಆಕ್ಸ್‌ಫರ್ಡಿನ ಪ್ರಸಿದ್ಧ ವಾಗ್ವಾದದ ಸಭೆಯಲ್ಲಿ ಆತ ಬೈಬಲ್ಲನ್ನು ಎತ್ತಿಹಿಡಿದು ಡಾರ್ವಿನ್ನನ ಗ್ರಂಥವನ್ನು ಖಂಡಿಸಿದ. ಅಲ್ಲಿಗೆ ಬಂದದ್ದು ಬಿರುಗಾಳಿಗಳ ಕುರಿತ ಪ್ರಬಂಧ ಮಂಡಿಸಲು. ಸ್ವಂತ ಆಸ್ತಿಯನ್ನು ಸಾರ್ವಜನಿಕ ಕೆಲಸಗಳಿಗೆ ವ್ಯಯಿಸಿ ಕೈ ಬರಿದಾಗಿತ್ತು. ಕಿವಿ ಮಂದವಾಗಿ, ಆರೋಗ್ಯ ಕೆಟ್ಟಿತ್ತು. 1865ರ ಏಪ್ರಿಲ್ 30ರ ಭಾನುವಾರ ಬೆಳಿಗ್ಗೆ ಲಂಡನ್ನಿನ ಬಳಿಯ ಅಪ್ಪರ್ ನಾರ್‌ವುಡ್‌ನ ಮನೆಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಆಗ ಅವನಿಗೆ 59 ವರ್ಷ. ಕುಟುಂಬಕ್ಕೆ ನೆರವಾಗಲು ಸಂಗ್ರಹಿಸಿದ ನಿಧಿಗೆ ಡಾರ್ವಿನ್ನನೂ ಹಣ ಕೊಟ್ಟ; ವಿಧವೆಗೆ ವಿಕ್ಟೋರಿಯ ರಾಣಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ವಸತಿ ನೀಡಿದಳು.

ಅನಂತರ

ಇಲಾಖೆಯ ಕೆಲಸವನ್ನು ಪರಿಶೀಲಿಸಿದ ಫ್ರಾನ್ಸಿಸ್ ಗಾಲ್ಟನ್ ನೇತೃತ್ವದ ಸಮಿತಿ 1866ರಲ್ಲಿ ಮುನ್ಸೂಚನೆಗಳಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ತೀರ್ಮಾನಿಸಿತು. ದಿನನಿತ್ಯದ ಮುನ್ಸೂಚನೆ ನಿಂತಿತು. ಆ ವರ್ಷದ ಕೊನೆಗೆ ಬಿರುಗಾಳಿಯ ಎಚ್ಚರಿಕೆಯೂ ನಿಂತಿತು. ನಾವಿಕರೂ ಬಂದರುಗಳವರೂ ಸುಮ್ಮನಿರಲಿಲ್ಲ. ಅವರ ಒತ್ತಾಯಕ್ಕೆ ಮಣಿದು ಸುಮಾರು ಒಂದು ವರ್ಷದಲ್ಲೇ ಎಚ್ಚರಿಕೆಯ ಸಂಕೇತಗಳನ್ನು ಮತ್ತೆ ಆರಂಭಿಸಬೇಕಾಯಿತು. ಸಾರ್ವಜನಿಕ ಮುನ್ಸೂಚನೆ ಮರಳಿ ಬರಲು ಮಾತ್ರ 1879 ಆಯಿತು.

ಪೆಟಗೋನಿಯದ ಫಿಟ್ಜ್‌ರಾಯ್ ಶಿಖರ ಹಾಗೂ ದಕ್ಷಿಣ ಅಮೆರಿಕದ ಫಿಟ್ಜ್‌ರೋಯ ಎಂಬ ಸೂಚಿಪರ್ಣಿ ವೃಕ್ಷಕುಲ ಈತನ ಹೆಸರನ್ನು ಹೊತ್ತಿವೆ. ಎಕ್ಸೆಟರ್ ನಗರದಲ್ಲಿರುವ ಮೆಟ್ ಆಫೀಸ್ ಕೇಂದ್ರ ಕಚೇರಿಯ ರಸ್ತೆಗೂ ಅದೇ ಹೆಸರು. ಬ್ರಿಟನ್ನಿನ ರೇಡಿಯೊದಲ್ಲಿ ನಾವಿಕರಿಗಾಗಿ ಓದುವ ಹವಾಮಾನ ವರದಿಯಲ್ಲಿ ಫಿನಿಸ್ಟೆರ್ ಎಂದು ಕರೆಯಲಾಗುತ್ತಿದ್ದ ಸಮುದ್ರ ವಲಯವನ್ನು, ಸ್ಪೇನಿನವರು ಅದೇ ಹೆಸರನ್ನು ಬೇರೊಂದು ವಲಯಕ್ಕೆ ಬಳಸುತ್ತಿದ್ದುದರಿಂದ, 2002ರ ಫೆಬ್ರವರಿಯಿಂದ ಫಿಟ್ಜ್‌ರಾಯ್ ಎಂದು ಕರೆಯಲಾಗುತ್ತಿದೆ. ಆ ವರದಿಯ ವಲಯಗಳಲ್ಲಿ ವ್ಯಕ್ತಿಯೊಬ್ಬನ ಹೆಸರಿರುವುದು ಇದೊಂದಕ್ಕೆ ಮಾತ್ರ.